ಅಮೃತಪ್ಪನ ಹಿತ್ತಲಬಾಗಿಲು

ನಮ್ಮ ಓಣಿಯಲ್ಲಿ ಯಾರೂ ಯಾರನ್ನೂ ನೋಡಿ ಕಲಿಯುವವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೀದರ, ಗುಲಬರ್ಗಾ, ರಾಯಚೂರು ಕಡೆಯಿಂದ ಬಂದು ಹೈದರಾಬಾದಿನ ಕುಷಾಯಿಗೂಡದಲ್ಲಿ ಮನೆ ಕಟ್ಟಿಕೊಂಡವರು ನಾವು. ಓದಿದವರು, ತಿಂಗಳ ಸಂಬಳದವರು. ಪ್ರತಿಯೊಬ್ಬರಿಗೂ ಪ್ರತಿಯೊಂದರ ಬಗ್ಗೆಯೂ ಸ್ವಂತ ಅಭಿಪ್ರಾಯ ಉಂಟು. ಆದ್ದರಿಂದ ಇಡೀ ಓಣಿ ತನ್ನ ಮುಂಬಾಗಿಲುಗಳಿಗೆಲ್ಲ ಇಟ್ಟಿಗೆ ಕಟ್ಟಿಸಿತು ಎಂದರೆ, ಎಲ್ಲರೂ ಬೇರೆ ಬೇರೆಯಾಗಿ ಯೋಚಿಸಿ ಒಂದೇ ತೀರ್ಮಾನಕ್ಕೆ ಬಂದರು ಎಂದೇ ತಿಳಿಯಬೇಕು.

ಶುರುವಾದದ್ದು ಅಮೃತಪ್ಪನ ಗೇಟಿನಿಂದ.

ಅಮೃತಪ್ಪ ಭಾಲ್ಕಿಯವನು, ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ. ಎಲ್ಲವನ್ನೂ ತಾನೇ ಮಾಡಬೇಕೆಂಬ ಹುರುಪು. ಯಾವುದನ್ನೂ ಕೆಡಿಸದೆ ಮುಗಿಸದ ಕೈಗುಣ. ದಸರೆಯ ರಜೆಯಲ್ಲಿ ಮನೆಯ ಗೇಟಿಗೆ ತಾನೇ ಹಸಿರು ಬಣ್ಣ ಹಚ್ಚಿದ. ಹಚ್ಚುವ ಭರದಲ್ಲಿ ಸರಪಳಿಗೂ ಹಚ್ಚಿದ, ಸರಪಳಿಯ ಬೀಗಕ್ಕೂ ಹಚ್ಚಿದ, ಬೀಗದ ತೂತಿನೊಳಗೂ ಬ್ರಷ್ಷು ಆಡಿಸಿದ. ಮರುದಿನ ಬೆಳಿಗ್ಗೆ ಎಲ್ಲ ಸೇರಿ ಒಂದೇ ಕಬ್ಬಿಣದ ಗಂಟಾಗಿತ್ತು.

"ಪೇಂಟರಿಗಿ ಕರೀರಿ ಅಂದ್ರ ಕೇಳಲಿಲ್ಲ," ಎಂದಳು ಹೆಂಡತಿ ಶಿವದೇವಿ. "ಈಗ ಕೋತಿ ಹಂಗ ಹಾರಕೊಂಡು ಡ್ಯೂಟಿಗಿ ಹೋಗ್ರಿ."

ಅಮೃತಪ್ಪ ಹಾರಲಿಲ್ಲ. ಹಿತ್ತಲಬಾಗಿಲಿನಿಂದ ಹೊರಟ. ನಮ್ಮ ಸಾಲಿನ ಮನೆಗಳ ಬೆನ್ನಿಗೆ ಒಂದು ಸಂದಿ ಇದೆ. ಮೋರಿ ಬಳಿಯುವವರು ಬಿಟ್ಟರೆ ಅಲ್ಲಿ ಯಾರೂ ಕಾಲಿಡುತ್ತಿರಲಿಲ್ಲ. ಅವನ ಹಿತ್ತಲಬಾಗಿಲು ಗಿಡ್ಡ, ಆದ್ದರಿಂದ ತಲೆ ಬಗ್ಗಿಸಿದ. ಮೋರಿಯ ಮೇಲಿನ ಚಪ್ಪಡಿ ಬಲಗಡೆ ಒಡೆದಿತ್ತು, ಆದ್ದರಿಂದ ಎಡಗಾಲು ಮುಂದಿಟ್ಟ. ಮುಂದೆ ಸಂದಿ ಇಕ್ಕಟ್ಟು, ಆದ್ದರಿಂದ ಏಡಿಯ ಹಾಗೆ ಅಡ್ಡಡ್ಡ ನಡೆದ. ಅಡ್ಡಡ್ಡ ನಡೆಯುತ್ತಲೇ ಹಣಮಂತರಾಯರಿಗೆ ಎದುರಾದ.

ಹಣಮಂತರಾಯರು ಸೆಕ್ರೆಟೇರಿಯಟ್ಟಿನಿಂದ ಗೆಜೆಟೆಡ್ ಆಗಿ ನಿವೃತ್ತರಾದವರು, ನನ್ನ ಪಕ್ಕದ ಮನೆ. ಕಾಲೊನಿ ಸಂಘದ ಅಧ್ಯಕ್ಷರು.

"ಏನ್ರಿ ಅಮೃತಪ್ಪನೋರ, ಈ ಕಡೆಯಿಂದ?"

ನಿಜ ಹೇಳಿದ್ದರೆ ಸಂಜೆಯೊಳಗೆ ಓಣಿಯೆಲ್ಲ ನಗುತ್ತಿತ್ತು. ಅಮೃತಪ್ಪ ಗಂಭೀರನಾದ. "ಇನ್ನ ಇದೇ ದಾರಿರಿ ರಾಯರ. ಮುಂದಿಂದು ಬಂದ್ ಮಾಡೀನಿ."

"ಯಾಕ?"

"ಅದೆಲ್ಲಾ ಹೇಳಾಕ ಬರಂಗಿಲ್ರಿ," ಎಂದು ಅಡ್ಡಡ್ಡವಾಗಿಯೇ ಹೋಗಿಬಿಟ್ಟ.

ಅದೇ ವಾರ ಅವನಿಗೆ ಎಷ್ಟೋ ಕಾಲದಿಂದ ನಿಂತುಹೋಗಿದ್ದ ಪ್ರಮೋಷನ್ ಬಂತು.

ಆ ವರ್ಷ ಹೈದರಾಬಾದಿನಲ್ಲಿ ವಾಸ್ತುವಿನ ಗಾಳಿ ಜೋರಾಗಿತ್ತು. ಬೇಗಂಪೇಟೆಯಲ್ಲಿ ದೊಡ್ಡ ದೊಡ್ಡ ಆಫೀಸಿನವರೇ ಮೆಟ್ಟಿಲು ಒಡೆಸಿ ಬೇರೆ ಮೂಲೆಗೆ ಹಾಕಿಸುತ್ತಿದ್ದರು. ನಮ್ಮ ಸಾಲಿನ ಮನೆಗಳೋ ದಕ್ಷಿಣಮುಖಿ. ರಾಯರು ಒಂದಕ್ಕೊಂದು ಕೂಡಿಸಿದರು. ಮರುದಿನ ಬೆಳಿಗ್ಗೆ ಅವರೂ ಹಿತ್ತಲಬಾಗಿಲಿನಿಂದ ಹೊರಬಂದರು.

"ವಾಸ್ತು ಗೀಸ್ತು ನಾ ನಂಬೂದಿಲ್ಲ," ಎಂದರು ನನಗೆ. "ಈ ಕಡೆ ಗಾಳಿ ಛಲೋ ಅದ."

ಮೋರಿಯ ಗಾಳಿ. ನಾನೂ ಉಸಿರೆಳೆದುಕೊಂಡು ನೋಡಿದೆ. ಅವರು ಹೇಳಿದ ಮೇಲೆ ಚೆನ್ನಾಗಿಯೇ ಇತ್ತು. ನನಗೆ ಎರಡು ಮಕ್ಕಳು. ಟಿಫಿನ್ ಡಬ್ಬಿ, ಯೂನಿಫಾರ್ಮಿನ ಗುಂಡಿ, ಓಡುವ ಬಸ್ಸು ಇವುಗಳ ನಡುವೆ ನನಗೆ ದಿಕ್ಕುಗಳ ಬಗ್ಗೆ ಯೋಚಿಸಲು ಪುರಸೊತ್ತಿರಲಿಲ್ಲ. ಯೋಚಿಸಿದವರು ಪಕ್ಕದಲ್ಲೇ ಇದ್ದಾಗ ಮತ್ತೊಮ್ಮೆ ಯೋಚಿಸುವುದು ಅವರಿಗೆ ಅವಮಾನ ಮಾಡಿದಂತೆ ಎಂದು ನಾನೂ ಹಿತ್ತಲಿನಿಂದ ಹೊರಟೆ.

ಸ್ವಲ್ಪ ದಿನಗಳಲ್ಲಿ ಆ ಸಂದಿ ಬೆಳಿಗ್ಗೆ ಹೊತ್ತು ನೋಡುವ ಹಾಗಾಯಿತು. ಜನರಲ್ ಶಿಫ್ಟಿನ ಬಸ್ಸು ಬರುವ ಸಮಯಕ್ಕೆ ಎಲ್ಲ ಹಿತ್ತಲಬಾಗಿಲುಗಳೂ ಒಟ್ಟಿಗೆ ತೆರೆಯುತ್ತಿದ್ದವು. ಎಲ್ಲರೂ ತಲೆ ಬಗ್ಗಿಸುತ್ತಿದ್ದರು. ಆರಡಿ ಎತ್ತರದ ಬಾಗಿಲಿದ್ದವರೂ. ಎಲ್ಲರೂ ಎಡಗಾಲು ಮುಂದಿಡುತ್ತಿದ್ದರು, ಚಪ್ಪಡಿ ಗಟ್ಟಿಯಿದ್ದವರೂ. ಆಮೇಲೆ ಎಲ್ಲರೂ, ಸಂದಿ ಅಗಲವಿದ್ದ ಕಡೆಯಲ್ಲೂ, ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ಸರಿಯುತ್ತಿದ್ದರು. ಅಮೃತಪ್ಪ ಮಾತಾಡುತ್ತಿರಲಿಲ್ಲವಾದ್ದರಿಂದ ಯಾರೂ ಮಾತಾಡುತ್ತಿರಲಿಲ್ಲ. ಚಪ್ಪಲಿ ಸರಿಯುವ ಸಪ್ಪಳ ಮಾತ್ರ.

ಎದುರು ಸಾಲಿನ ನರಸಿಂಗರಾಯರದು ಉತ್ತರದ ಬಾಗಿಲು. ಶಾಸ್ತ್ರದ ಪ್ರಕಾರ ಬಂಗಾರದಂಥದು. ಅವರೂ ಮುಚ್ಚಿ ತಮ್ಮ ಕಡೆಯ ಹಿತ್ತಲಿನಿಂದ ಓಡಾಡತೊಡಗಿದರು. ಯಾಕೆಂದು ಕೇಳಿದ್ದಕ್ಕೆ, "ಅಂದರೂ ಚೇಸ್ತುನ್ನಾರು ಕದಂಡಿ," ಎಂದರು. ಎಲ್ಲರೂ ಮಾಡುತ್ತಿದ್ದಾರಲ್ಲ ಎಂದರ್ಥ. ಇದಕ್ಕಿಂತ ಸ್ಪಷ್ಟವಾದ ಕಾರಣವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಇಷ್ಟರಲ್ಲಿ ಅಮೃತಪ್ಪನ ಮನೆಯಲ್ಲಿ ಬೇರೊಂದು ಕಷ್ಟವಿತ್ತು. ಅವನ ತಾಯಿ ಬಸಲಿಂಗಮ್ಮನ ಮೊಣಕಾಲು ಹೋಗಿದ್ದವು. ಸಪಾಟು ನೆಲದ ಮೇಲೆ ಕೋಲೂರಿ ನಡೆಯಬಲ್ಲಳು. ಹಿತ್ತಲಿನ ಕಡಿದಾದ ಮೆಟ್ಟಿಲು ಇಳಿಯಲಾರಳು, ಅಡ್ಡಡ್ಡವಂತೂ ಸರಿಯಲಾರಳು. ಅವಳಿಗಿದ್ದದ್ದು ಮುಂಬಾಗಿಲಿನ ಮೆಟ್ಟಿಲೊಂದೇ. ಬೆಳಗಾದರೆ ಅಲ್ಲಿ ಬಂದು ಕೂತು, ಗೇಟಿನ ಮೇಲಿಂದ ಹೋಗುವವರನ್ನು, ಬರುವವರನ್ನು, ತರಕಾರಿ ಗಾಡಿಯವನನ್ನು, ಪೋಸ್ಟಿನವನನ್ನು ನಿಲ್ಲಿಸಿ ಮಾತಾಡಿಸುವಳು. ಆ ಮೆಟ್ಟಿಲು ಹೋದರೆ ಮುದುಕಿಗೆ ಉಳಿಯುವುದು ಒಂದು ಮಂಚ ಮತ್ತು ಅದರ ಎದುರಿನ ಗೋಡೆ.

ಈಗ ಅವಳ ಮುಂದೆ ಯಾರೂ ಹಾಯುತ್ತಿರಲಿಲ್ಲ.

"ಅಮೃತ್ಯಾ," ಎಂದು ಮಗನನ್ನು ಕೂಗಿದಳು ಒಂದು ದಿನ. "ಈ ಓಣ್ಯಾಗಿನ ಮಂದಿಯೆಲ್ಲಾ ಎಲ್ಲಿ ಸತ್ತಾರೋ?"

"ಹಿಂದ ಹೋಗಾಕತ್ತಾರಬೇ ಯವ್ವಾ."

"ಯಾರದರ ಸಂಗಾಟ ಜಗಳಾಗೈತೇನು ಮುಂದ?"

ಅಮೃತಪ್ಪ ಆ ಭಾನುವಾರ ಸೀಮೆಎಣ್ಣೆ ಸುರಿದು, ಸುತ್ತಿಗೆಯಿಂದ ಬಡಿದು, ಬೀಗ ಒಡೆದು ಗೇಟು ತೆರೆದ. ಸಂಜೆ ಸಂಘದ ಸಭೆಗೆ ಹೋಗಿ ಎದ್ದುನಿಂತು ಎಲ್ಲ ಹೇಳಿಯೂ ಬಿಟ್ಟ.

"ವಾಸ್ತು ಏನೂ ಇಲ್ರಿ. ಕೀಲಿಗಿ ಬಣ್ಣಾ ಹೋಗಿತ್ತು. ಹೇಳಾಕ ಶರಮ್ ಆತು. ಇಷ್ಟೇ."

ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಆಮೇಲೆ ಹಣಮಂತರಾಯರು ನಕ್ಕರು. ಆದ್ದರಿಂದ ಎಲ್ಲರೂ ನಕ್ಕರು.

"ದೊಡ್ಡ ಮನುಷ್ಯಾರು ಹಿಂಗೇ. ಗುಟ್ಟು ಹೇಳೂದಿಲ್ಲ," ಎಂದರು ರಾಯರು. "ಪ್ರಮೋಷನ್ನೂ ಬಣ್ಣದಿಂದ ಬಂತೇನ್ರಿ?"

"ಅದು ಸೀನಿಯಾರಿಟಿರಿ."

"ಆತು, ಸೀನಿಯಾರಿಟಿ," ಎಂದು ರಾಯರು ಸಭೆಗೆ ಕಣ್ಣು ಹೊಡೆದರು. ಅಂದೇ ತೀರ್ಮಾನವಾಯಿತು. ಬಾಗಿಲು ಹಾಕಿದರೆ ಸಾಲದು, ಇಟ್ಟಿಗೆ ಕಟ್ಟಬೇಕು. ಯಾರೂ ಹೋಗದ ಬೀದಿ ಕಳ್ಳಕಾಕರಿಗೆ ಅನುಕೂಲವಾದ್ದರಿಂದ ಬೀದಿಯ ಎರಡು ತುದಿಗೂ ಗೋಡೆ ಹಾಕಬೇಕು. ಬೇಡ ಎನ್ನುವವರು ಕೈ ಎತ್ತಲಿ ಎಂದರು. ಅಮೃತಪ್ಪ ಕೈ ಎತ್ತಿದ. ಎಲ್ಲರೂ ಅವನನ್ನು ತಿರುಗಿ ನೋಡಿದರು. ಸಿಟ್ಟಿನಿಂದಲ್ಲ, ಗುರುತು ಸಿಗದವರ ಹಾಗೆ. ಅವನು ಎತ್ತಿದ ಕೈಯಿಂದ ತಲೆ ಕೆರೆದುಕೊಂಡು ಕೂತ.

ಗೋಡೆಗಳೆದ್ದವು. ಬೀದಿಯ ತುದಿಯ ಗೋಡೆ ನೋಡಿ ಕೆಂಡವಾಗಿ ಮುನ್ಸಿಪಾಲಿಟಿಯ ಇನ್ಸ್‌ಪೆಕ್ಟರನೊಬ್ಬ ಬಂದ. ಯಾರದಾದರೂ ಬಾಗಿಲು ಬಡಿಯೋಣವೆಂದರೆ ಬಾಗಿಲಿಲ್ಲ. ಸುತ್ತಿ ಬಳಸಿ ಸಂದಿಗೆ ಬಂದವನು, ಎಲ್ಲರೂ ಅಡ್ಡಡ್ಡ ಸರಿಯುತ್ತಿದ್ದುದನ್ನು ಕಂಡು ತಾನೂ ಗೋಡೆಗೆ ಬೆನ್ನು ಹಚ್ಚಿದ. ರಾಯರ ಮನೆಗೆ ತಲುಪುವ ಹೊತ್ತಿಗೆ ಅವನ ದನಿ ಇಳಿದಿತ್ತು. ಚಹಾ ಕುಡಿದ. ಏಳುವಾಗ ಮೆಲ್ಲಗೆ ಹಿಂದಿಯಲ್ಲಿ, "ಸಾಬ್, ನಮ್ಮದೂ ದಕ್ಷಿಣದ ಬಾಗಿಲೇ," ಎಂದ. ಮತ್ತೆ ಅವನು ಬರಲಿಲ್ಲ.

ಇನ್ನು ಬೀದಿ. ಅದನ್ನು ನಾವು ಮರೆತೆವು. ಇಟ್ಟಿಗೆ ಕಟ್ಟಿದ ಮೇಲೆ ಮುಂದಿನ ಕೋಣೆಗಳಲ್ಲಿ ಕತ್ತಲೆ; ಅಲ್ಲಿ ಅಕ್ಕಿ ಚೀಲ ಇಟ್ಟೆವು. ನನ್ನ ಮಗಳು ಶಾಲೆಗಾಗಿ ಮನೆಯ ಚಿತ್ರ ಬರೆದಿದ್ದಳು: ಚಾವಣಿ, ಸೂರ್ಯ, ಎರಡು ಕಿಟಕಿ. ಬಾಗಿಲಿರಲಿಲ್ಲ.

"ಬಾಗಲಾ ಎಲ್ಲೆವ್ವಾ?" ಎಂದೆ.

"ಮನಿಗೆ ಬಾಗಲಾ ಹಿಂದ ಇರ್ತದಪ್ಪಾ. ಕಾಣಂಗಿಲ್ಲ," ಎಂದಳು. ಟೀಚರು ಸರಿ ಹಾಕಿದ್ದರು.

ಇಡೀ ಬೀದಿಗೆ ತೆರೆದಿದ್ದದ್ದು ಅಮೃತಪ್ಪನ ಬಾಗಿಲೊಂದೇ. ಎರಡು ತುದಿಯ ಗೋಡೆಗಳ ನಡುವೆ, ಕುರುಡು ಮನೆಗಳ ಎರಡು ಸಾಲಿನ ನಡುವೆ, ಬಸಲಿಂಗಮ್ಮ ಮೆಟ್ಟಿಲ ಮೇಲೆ ಕೂತು ಹುಲ್ಲು ಬೆಳೆಯುವುದನ್ನು ನೋಡುತ್ತಿದ್ದಳು. ಕೆಲವೊಮ್ಮೆ ಅವಳು ಮಾತಾಡುವುದು ನನ್ನ ಗೋಡೆಯಾಚೆಯಿಂದ ಕೇಳುತ್ತಿತ್ತು. ಯಾರ ಜೊತೆ ಎಂದು ನಾನು ಯೋಚಿಸಲಿಲ್ಲ.

ಆಮೇಲೆ ನರಸಿಂಗರಾಯರ ಮಗ ಗಣಿತದಲ್ಲಿ ಫೇಲಾದ. ನಳದಲ್ಲಿ ನೀರು ಸಣ್ಣಗೆ ಬಂತು. ಹಣಮಂತರಾಯರಿಗೆ ಹಲ್ಲುನೋವು. ಒಂದು ಬಾಗಿಲು ತೆರೆದಿದ್ದರೆ ಎಲ್ಲರದೂ ತೆರೆದ ಹಾಗೆಯೇ ಎಂಬ ಮಾತು ಎಲ್ಲಿಂದಲೋ ಹುಟ್ಟಿತು. ಯಾರು ಹೇಳಿದರೆಂದು ಕೇಳಿದರೆ ಎಲ್ಲರೂ, "ಎಲ್ಲಾರೂ ಅಂತಾರ," ಎಂದರು. ಸಂದಿಯಲ್ಲಿ ಅಮೃತಪ್ಪ ಎದುರಾದರೆ ಜನ ಗೋಡೆಗೆ ಮುಖ ತಿರುಗಿಸಿ ದಾರಿ ಬಿಡತೊಡಗಿದರು. ಶಿವದೇವಿಯನ್ನು ಅರಿಷಿಣ ಕುಂಕುಮಕ್ಕೆ ಕರೆಯುವುದು ನಿಂತಿತು.

ಅವಳೂ ಎಷ್ಟೆಂದು ತಾಳಿಯಾಳು? "ಮುಚ್ಚಿಬಿಡ್ರಿ," ಎಂದಳು. "ಒಂದು ದರವಾಜಾದ ಸಲವಾಗಿ ಊರೆಲ್ಲಾ ಎದುರು ಹಾಕ್ಕೊಳ್ಳೂದು ಯಾಕ?"

"ಯವ್ವ ಎಲ್ಲಿ ಕೂಡಬೇಕಲೇ?"

"ಅದನ್ನೂ ನಾನೇ ಹೇಳಬೇಕೇನು?"

ಒಂದು ಸಂಜೆ ಬಸ್ಸಿನಲ್ಲಿ ಅಮೃತಪ್ಪ ನನ್ನ ಪಕ್ಕ ಕೂತ. ನನ್ನ ಕಡೆ ವಾಲಿ ಕೇಳಿದ. "ಗುರುರಾಜರ, ನಾ ಖರೇನೇ ಕೀಲಿಗಿ ಬಣ್ಣಾ ಹಚ್ಚಿದ್ನೇನ್ರಿ?"

"ನೀವೇ ಹೇಳಿದ್ರಲ್ಲ."

"ಹೇಳೀನಿ. ಖರೆ ಇಷ್ಟು ಮಂದಿ ಶಾಣ್ಯಾರು, ಸುಮ್‌ಸುಮ್ನ ಇಟ್ಟಿಗಿ ಕಟ್ಟತಾರೇನು? ನನಗ ತಿಳೀದಂಗ ನನ್ನ ಕೈಯಾಗ ಏನರ ಆಗಿರಬೇಕು. ಬಣ್ಣಾ ಬರೇ ನೆವ ಇದ್ದೀತು."

ಅವನ ಗೇಟಿನ ಸರಪಳಿ ಇನ್ನೂ ಹಸಿರಾಗಿಯೇ ಇತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ, "ಇದ್ದೀತು," ಎಂದೆ. ನನಗೆ ಅಂದು ಸಾಕಾಗಿತ್ತು. ಮನೆಗೆ ಹೋಗಿ ಮಗನಿಗೆ ಮಗ್ಗಿ ಹೇಳಿಕೊಡುವುದಿತ್ತು.

ರಜೆಯ ದಿನ ಗೌಂಡಿ ಬಂಡೆಪ್ಪ ಬಂದ. ಓಣಿಯ ಬಾಗಿಲುಗಳನ್ನೆಲ್ಲ ಮುಚ್ಚಿ ಪಳಗಿದ ಕೈ ಅವನದು. ನಾವೆಲ್ಲ ಅಮೃತಪ್ಪನ ಮನೆಯೊಳಗೆ ಸೇರಿದೆವು. ಬೀದಿ ಕಡೆಯಿಂದ ಬರುವಂತಿಲ್ಲವಾದ್ದರಿಂದ ಬಂಡೆಪ್ಪ ಒಳಗಿನಿಂದಲೇ ಕಟ್ಟಬೇಕು. ಬಸಲಿಂಗಮ್ಮ ಹೊರಗೆ, ತನ್ನ ಮೆಟ್ಟಿಲ ಮೇಲೆ, ನಮಗೆ ಬೆನ್ನು ಹಾಕಿ ಕೂತಿದ್ದಳು.

"ಯವ್ವಾ, ಒಳಗ ಬಾ. ಕಟ್ಟಾಕ ಬಂದಾರ," ಎಂದ ಅಮೃತಪ್ಪ.

"ಕಟ್ಟಲಿ. ನಾ ಏನು ಕೈ ಹಿಡದೀನಿ?"

"ಆಮ್ಯಾಲ ಬರಾಕ ಆಗಂಗಿಲ್ಲಬೇ."

"ನಾ ಎಲ್ಲಿಗಿ ಬರಬೇಕಂತೀನಿ?"

ಗೋಡೆ ಪಾದದ ಮಟ್ಟಕ್ಕೆ ಬಂದಾಗ ತಾಯಿ ಎದ್ದು ಬರುತ್ತಾಳೆಂದು ಅಮೃತಪ್ಪ ತಿಳಿದಿದ್ದ. ಮೊಣಕಾಲಿನ ಮಟ್ಟಕ್ಕೆ ಬಂದಾಗ ಮಗ ಸಾಕೆನ್ನುತ್ತಾನೆಂದು ತಾಯಿ ತಿಳಿದಿದ್ದಳು. ಬಂಡೆಪ್ಪ ಪ್ರತಿ ಸಾಲಿಗೂ ತಿರುಗಿ, "ಕಟ್ಟಲೇನ್ರಿ?" ಎಂದು ಕೇಳುತ್ತಿದ್ದ. ಅಮೃತಪ್ಪ ರಾಯರನ್ನು ನೋಡುತ್ತಿದ್ದ. ರಾಯರು ನಮ್ಮನ್ನು ನೋಡುತ್ತಿದ್ದರು. ನಾವು ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಯಾರಾದರೂ ಒಬ್ಬರು ಬೇಡ ಅಂದೇ ಅನ್ನುತ್ತಾರೆಂದು ನನಗೆ ಪೂರ್ತಿ ನಂಬಿಕೆಯಿತ್ತು. ಎಲ್ಲರಿಗೂ ಅಷ್ಟೇ ನಂಬಿಕೆಯಿತ್ತೆಂದು ಆಮೇಲೆ ತಿಳಿಯಿತು. ಗೋಡೆ ಸೊಂಟಕ್ಕೆ ಬಂತು, ಎದೆಗೆ ಬಂತು. ಮುದುಕಿಯ ಬಿಳಿ ತಲೆ ಸ್ವಲ್ಪ ಹೊತ್ತು ಕಂಡಿತು. ಆಮೇಲೆ ಇಟ್ಟಿಗೆ ಕಂಡಿತು.

ಬಂಡೆಪ್ಪ ಕೈ ತೊಳೆದುಕೊಂಡ. ಕೆಲಸ ನೀಟಾಗಿದೆ ಎಂದು ರಾಯರು ಹೇಳಿದರು. ಎಲ್ಲರೂ ಹೌದೆಂದು ತಲೆ ಬಗ್ಗಿಸಿ, ಎಡಗಾಲು ಮುಂದಿಟ್ಟು ಮನೆಗೆ ಹೋದೆವು.

ದೀಪ ಹಚ್ಚುವ ಹೊತ್ತಿಗೆ ಬಡಿತ ಕೇಳಿಸಿತು.

ಮೊದಲು ದೂರದಲ್ಲಿ; ಕೋಲಿನಿಂದ ಇಟ್ಟಿಗೆಗೆ ಬಡಿದ ಸಪ್ಪಳ. ಆಮೇಲೆ ಮುಂದಿನ ಮನೆಗೆ. ಆಮೇಲೆ ಅದರ ಮುಂದಿನದಕ್ಕೆ. ಗೋಡೆಯಿಂದ ಗೋಡೆಗೆ ಅದು ನಡೆದುಬರುತ್ತಿತ್ತು. ನಮ್ಮ ಅಕ್ಕಿ ಚೀಲಗಳ ಹಿಂದೆ ಬಂದು ನಿಂತಿತು.

"ಗುರುರಾಜಾ," ಎಂದಿತು ಇಟ್ಟಿಗೆಯಾಚೆಯ ದನಿ, ಏನೂ ಆಗಿಲ್ಲವೆಂಬಂತೆ. "ಒಂದು ತಂಬಿಗಿ ನೀರ ಕೊಡಪಾ."

ಹೆಂಡತಿ ಶಾಮಲಾ ನನ್ನನ್ನು ನೋಡಿದಳು. ನಾನು ಪಕ್ಕದ ಮನೆಯ ಕಡೆ ಕಿವಿಗೊಟ್ಟೆ. ರಾಯರು ಟಿವಿಯ ದನಿ ಏರಿಸಿದ್ದು ಕೇಳಿಸಿತು. ನಾನೂ ಏರಿಸಿದೆ. ಆಚೆಯ ಮನೆಯವರೂ ಏರಿಸಿದರು. ವಾರ್ತೆ ಓದುವವಳ ಒಂದೇ ದನಿ, ಒಂದೇ ವಾಕ್ಯ, ಎಲ್ಲ ಮನೆಗಳಿಂದಲೂ ಒಟ್ಟಿಗೆ ಕೇಳುತ್ತಿತ್ತು. ಅದರ ಅಡಿಯಲ್ಲಿ ಬಡಿತ ಮುಂದೆ ಹೋಯಿತು.

ಮನಸ್ಸು ತಡೆಯದೆ ಸಂದಿಗೆ ಬಂದರೆ ಎಲ್ಲರೂ ಬಂದು ನಿಂತಿದ್ದರು, ಗೋಡೆಗೆ ಬೆನ್ನು ಹಚ್ಚಿ, ಉಳಿದವರು ಏನು ಮಾಡುತ್ತಾರೆಂದು ನೋಡಲು. ಅಮೃತಪ್ಪನೂ ಅವರ ನಡುವೆ ನಿಂತಿದ್ದ. ಅವನ ಹಿಂದೆ ಶಿವದೇವಿ ಬಾಗಿಲಿಗೆ ಬಂದಳು. ಅವಳ ಕಣ್ಣು ಕೆಂಪಾಗಿದ್ದವು.

"ನಿಮ್ಮವ್ವಗ ನೀರ ಕೊಡಾಕೂ ಮೀಟಿಂಗ್ ಆಗಬೇಕೇನ್ರಿ?" ಎಂದಳು.

ಅಮೃತಪ್ಪ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ತಿರುಗಿ ಒಳಗೆ ಓಡಿದ, ತಲೆ ಬಗ್ಗಿಸುವುದನ್ನು ಮರೆತು. ಹಣೆ ಬಾಗಿಲಿಗೆ ಬಡಿದ ಸಪ್ಪಳ ಎಲ್ಲರಿಗೂ ಕೇಳಿಸಿತು. ಹಾರೆ ಎತ್ತಿ ಹೊಡೆದ. ಗಾರೆ ಇನ್ನೂ ಹಸಿಯಿತ್ತು. ಗೋಡೆ ಒಂದೇ ಏಟಿಗೆ ಬಿತ್ತು. ಬಸಲಿಂಗಮ್ಮ ಕೋಲೂರಿ ಹಿಂದಿರುಗಿ ಬಂದು, ಇಟ್ಟಿಗೆ ದಾಟದೆ ಮೆಟ್ಟಿಲ ಮೇಲೆಯೇ ಕೂತು ತಂಬಿಗೆ ಎತ್ತಿ ನೀರು ಕುಡಿದಳು. ಅಮೃತಪ್ಪ ಅವಳ ಪಕ್ಕದಲ್ಲಿ ಕೂತ. ಅಲ್ಲಿಂದ ಎದ್ದು ಬರಲಿಲ್ಲ.

ಮರುದಿನ ಅವನ ಮುಖ ನೋಡಬೇಕಿತ್ತು. ಹಣೆಯ ಮೇಲೆ ನಿಂಬೆಹಣ್ಣಿನಂಥ ಬುಗುಟು. ಆದರೆ ಎಷ್ಟೋ ದಿನಗಳ ಮೇಲೆ ನಿದ್ದೆ ಮಾಡಿದವನ ಮುಖ. ಸಂದಿಯ ನಡುದಾರಿಯಲ್ಲಿ ನೆಟ್ಟಗೆ ನಡೆದುಹೋದ. ರಾಯರು ಅವನನ್ನೇ ನೋಡುತ್ತ ನಿಂತರು. ಒಂದಕ್ಕೊಂದು ಕೂಡಿಸುತ್ತಿದ್ದಾರೆಂದು ನನಗೆ ತಿಳಿಯಿತು.

"ನಾವು ಅರ್ಧಾ ಮಾಡಿ ಬಿಟ್ಟೀವಿ," ಎಂದರು ಸಂಜೆ ಸಭೆಯಲ್ಲಿ. "ಮೊದಲ ಮುಚ್ಚಬೇಕು. ಮನಿ ಹಿರಿ ಹೆಣ್ಣಮಗಳನ್ನ ಹೊರಗ ಕೂಡಸಬೇಕು. ಆಕಿ ಬಡೀಬೇಕು. ಆಗ ಒಡೀಬೇಕು. ದೋಷ ಹಂಗ ಹೋಗ್ತದ. ಅಮೃತಪ್ಪನೋರು ಬಾಯಿಬಿಟ್ಟು ಹೇಳಲಿಲ್ಲ, ಮಾಡಿ ತೋರಿಸ್ಯಾರ."

"ಅಲ್ರಿ ರಾಯರ," ಎಂದು ಅಮೃತಪ್ಪ ಎದ್ದ. ಯಾರೂ ಅವನ ಕಡೆ ತಿರುಗಲಿಲ್ಲ.

ಭಾನುವಾರ ನಮ್ಮ ತಾಯಂದಿರ ಮೆರವಣಿಗೆ ಹೊರಟಿತು. ಬೀದಿಗೆ ಇದ್ದ ದಾರಿ ಅಮೃತಪ್ಪನ ಮನೆಯೊಂದೇ. ಎಲ್ಲರೂ ಅವನ ಹಿತ್ತಲಿನಿಂದ ಹೊಕ್ಕು, ಅಡುಗೆಮನೆ ಹಾದು, ಮುಂದೆ ಹೊರಬಿದ್ದರು. ರಾಯರ ತಾಯಿ ಅಂಬುಬಾಯಿಯನ್ನು ಕುರ್ಚಿಯಲ್ಲಿ ಹೊತ್ತು ತಂದರು. ನಾನು ನನ್ನ ತಾಯಿ ತುಳಸಾಬಾಯಿಯ ಕೈ ಹಿಡಿದು, ಹುಲ್ಲು ತುಳಿಯುತ್ತ, ನಮ್ಮದೇ ಮನೆಯ ಮುಂದೆ ನಿಂತೆ. ನನಗೆ ಗುರುತು ಸಿಗಲಿಲ್ಲ. ನರಸಿಂಗರಾಯರು ಅವರಿವರ ಮನೆ ಎಣಿಸಿ ಹೇಳಬೇಕಾಯಿತು. ಅವ್ವನನ್ನು ಮೆಟ್ಟಿಲ ಮೇಲೆ ಕೂರಿಸಿ, ಬಂದ ದಾರಿಯಲ್ಲೇ ಹಿಂದಿರುಗಿ, ಅಕ್ಕಿ ಚೀಲ ಸರಿಸಿ, ಹಾರೆ ಹಿಡಿದು ಇಟ್ಟಿಗೆಯ ಮುಂದೆ ನಿಂತೆ.

ಬಡಿತ ಬರಲಿಲ್ಲ.

ಮಧ್ಯಾಹ್ನವಾಯಿತು. ಹೊರಗಿನಿಂದ ಮೊದಲು ಪಿಸುಮಾತು, ಆಮೇಲೆ ಮಾತು, ಆಮೇಲೆ ನಗು ಕೇಳತೊಡಗಿತು. ಬಸಲಿಂಗಮ್ಮನ ದನಿ, ಅಂಬುಬಾಯಿಯ ದನಿ, ಇನ್ನೂ ಯಾರು ಯಾರದೋ. ಶಿವದೇವಿ ಚಹಾ ತಂದಳೆಂದು ತೋರುತ್ತದೆ; ಬಟ್ಟಲುಗಳ ಸಪ್ಪಳವಾಯಿತು. ಅಮೃತಪ್ಪ ಏನೋ ಅಂದ; ಎಲ್ಲ ಮುದುಕಿಯರೂ ನಕ್ಕರು. ನನ್ನ ತಾಯಿ ಹಾಗೆ ನಗುವುದನ್ನು ನಾನು ಕೇಳಿರಲೇ ಇಲ್ಲ. ಒಳಗೆ ಕತ್ತಲೆ. ಪಕ್ಕದ ಮನೆಯಲ್ಲಿ ರಾಯರು ಗೋಡೆಗೆ ಕಿವಿಯಿಟ್ಟು ಉಸಿರಾಡುವುದು ನನಗೆ ಗೊತ್ತಾಗುತ್ತಿತ್ತು.

"ಒಡದಬಿಡ್ರಿ," ಎಂದಳು ಶಾಮಲಾ. "ಯಾರ ದಾರಿ ಕಾಯ್ತೀರಿ?"

"ಯಾರೂ ಒಡದಿಲ್ಲಲ್ಲ."

ಇಟ್ಟಿಗೆಯ ಹತ್ತಿರ ಬಾಯಿ ತಂದು ಕೂಗಿದೆ. "ಅವ್ವಾ. ಜರಾ ಬಡಿಯವ್ವಾ."

"ಯಾಕೋ?"

"ಬಡದ್ರ ಒಡೀತೀನಿ. ಒಳಗ ಬರಬಹುದು."

"ತಡಿಯೋ, ಬಸಲಿಂಗಮ್ಮ ಏನೋ ಹೇಳ್ಲಿಕ್ಕತ್ತಾಳ," ಎಂದಳು. ಸ್ವಲ್ಪ ಹೊತ್ತು ಮಾತು ಕೇಳಿಸಿತು, ಮತ್ತೆ ನಗು. ಆಮೇಲೆ ಗೋಡೆಗೆ ಹತ್ತಿರ ಬಂದಳೇನೋ, ದನಿ ಮೆತ್ತಗಾಯಿತು. "ಅಲ್ಲೋ ಗುರುರಾಜಾ, ನೀವೆಲ್ಲಾ ಆ ಕತ್ತಲಾಗ ಕೂತು ಏನು ಮಾಡ್ಲಿಕ್ಕತ್ತೀರೋ?"



"ತಡಿಯವ್ವಾ," ಎಂದೆ. "ರಾಯರನ್ನ ಕೇಳಿ ಹೇಳ್ತೀನಿ."